ಕೊಳದ ಅಂತರಗಂಗೆ: ಬೆಳೆಸಿದ್ದಕ್ಕಿಂತ ತೆಗೆದದ್ದೇ ಹೆಚ್ಚು

ಚಿಕ್ಕಮಗಳೂರಿನಿಂದ ಬೇಲೂರಿನ ಕಡೆ ಬರುವಾಗ ಸಿಗುವ ಒಂದು ಸಣ್ಣ ಕಾಫಿ ತೋಟ ನಮ್ಮದು. ಮನೆಯಂಗಳದಲ್ಲಿ 12 ಅಡಿ ಉದ್ದ, 8 ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳ ಕಟ್ಟಿಸಿದೆವು. ಮೊದಲ ಬೇಸಿಗೆಗೇ ನೀರು ಪಾಚಿಗಟ್ಟಿ ಹಸಿರು ಗಂಜಿಯಂತಾಯಿತು. ಅಂತರಗಂಗೆ ಬಿಟ್ಟು ನೋಡಿ ಎಂದು ಪರಿಚಯದವರೊಬ್ಬರು ಹೇಳಿದರು. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬಿದ್ದ ವಾರವೇ ಒಂದು ಡಜನ್ ಗಿಡ ತಂದು ತೇಲಿಬಿಟ್ಟೆ.

ಎಲೆಕೋಸಿನ ಎಳೆ ಸಸಿಯಂಥ ಗಿಡ ಅದು. ಎಲೆ ಮುಟ್ಟಿದರೆ ಮಖಮಲ್ಲು, ಕೆಳಗೆ ಗೇಣುದ್ದ ಜೋಲುವ ಬೇರು. ನೀರಿಗೆ ನೆರಳಾಯಿತು, ಪಾಚಿಯ ಪಾಲಿನ ಸಾರವನ್ನು ಬೇರು ಹೀರಿಕೊಂಡಿತು. ತಿಂಗಳೊಳಗೆ ತಳದ ಕಲ್ಲು ಕಾಣುವಷ್ಟು ನೀರು ತಿಳಿಯಾಯಿತು.

ಪ್ರತಿ ಗಿಡವೂ ಎಳೆ ಬಳ್ಳಿ ಚಾಚಿ ಅದರ ತುದಿಯಲ್ಲಿ ಮರಿ ಹಾಕುತ್ತಿತ್ತು. ಮೇ ಮುಗಿಯುವ ಹೊತ್ತಿಗೆ ಕೊಳದಲ್ಲಿ ಅಂಗೈಯಗಲ ನೀರೂ ಕಾಣದಾಯಿತು. ನನಗೆ ಹಿಗ್ಗು. ಅತ್ತೆ ಮಾತ್ರ, "ನೀರೇ ಕಾಣಲ್ವಲ್ಲೇ, ಮೀನು ಉಸಿರಾಡೋದು ಹೆಂಗೆ?" ಎಂದು ಕೇಳುತ್ತಲೇ ಇದ್ದರು. ಒಂದು ದಿನ ಬೆಳಗಿನ ಜಾವ ಹೋಗಿ ನೋಡಿದರೆ, ಸೊಳ್ಳೆಮರಿ ತಿನ್ನಲೆಂದು ಕೊಳಕ್ಕೆ ಬಿಟ್ಟಿದ್ದ ಗಪ್ಪಿ ಮೀನುಗಳೆಲ್ಲ ಗಿಡದ ಸಂದಿಗಳಲ್ಲಿ ಬಾಯಿ ಮೇಲೆತ್ತಿಕೊಂಡು ನಿಂತಿದ್ದವು. ಅರ್ಧದಷ್ಟು ಸತ್ತೇ ಹೋದವು. ಅತ್ತೆಯ ಪ್ರಶ್ನೆಗೆ ಅಂದೇ ಕಿವಿಗೊಟ್ಟಿದ್ದರೆ ಅವು ಉಳಿಯುತ್ತಿದ್ದವು.

ತೇಲುವ ಗಿಡದ ಎಲೆ ನೀರಿನ ಮೇಲಿರುತ್ತದೆ. ಹಾಗಾಗಿ ಅದು ಬಿಡುವ ಆಮ್ಲಜನಕ ಗಾಳಿಗೆ ಹೋಗುತ್ತದೆ, ನೀರಿಗಲ್ಲ. ಗಿಡ ಪೂರ್ತಿ ಮುಚ್ಚಿದರೆ ಗಾಳಿಗೂ ನೀರಿಗೂ ಸಂಪರ್ಕ ತಪ್ಪುತ್ತದೆ, ತಳಕ್ಕೆ ಬಿದ್ದು ಕೊಳೆಯುವ ಎಲೆ ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ. ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ ಮೀನಿಗೆ ಉಸಿರೇ ಸಾಲದು. ಈಗ ಅರ್ಧ ಕೊಳ ಯಾವಾಗಲೂ ಬಯಲು. ಅರ್ಧ ಇಂಚಿನ ಪಿವಿಸಿ ಪೈಪು, ಮೂಲೆಗೆ ನಾಲ್ಕು ಎಲ್ಬೋ (ಬಾಗು ಜೋಡಣೆ) ಸೇರಿಸಿ ಚೌಕಟ್ಟು ಮಾಡಿ, ಗಾಳಿ ತುಂಬಿರುವಂತೆ ಅಂಟುಹಾಕಿ ತೇಲಿಬಿಟ್ಟಿದ್ದೇನೆ. ಗಿಡ ಅದರೊಳಗೇ ಇರಬೇಕು. ಭಾನುವಾರ ಬೆಳಿಗ್ಗೆ ಒಂದು ಬುಟ್ಟಿ ತೆಗೆಯುತ್ತೇನೆ: ಹಳದಿಯಾದದ್ದು, ದೊಡ್ಡದು ಮೊದಲು. ಎಳೆಯವನ್ನು ಉಳಿಸುತ್ತೇನೆ.

ತೆಗೆಯುವಾಗ ಬೇರನ್ನು ನೋಡಲೇಬೇಕು. ಮಾನ್ಸೋನಿಯಾ ಜಾತಿಯ ಸೊಳ್ಳೆಮರಿ ಬೇರೆ ಮರಿಗಳಂತೆ ಉಸಿರಿಗಾಗಿ ಮೇಲಕ್ಕೆ ಬರುವುದಿಲ್ಲ. ಅಂತರಗಂಗೆಯ ಬೇರನ್ನೇ ಚುಚ್ಚಿ ಅದರೊಳಗಿನ ಗಾಳಿ ಹೀರುತ್ತದೆ. ಬೇರಿನ ಗೊಂಡೆಯೊಳಗೆ ಅಡಗಿರುವ ಅದನ್ನು ಹುಡುಕಿ ತಿನ್ನುವುದು ಗಪ್ಪಿಗೂ ಕಷ್ಟ. ಆನೆಕಾಲು ರೋಗ ಹರಡುವ ಸೊಳ್ಳೆಗಳಲ್ಲಿ ಇದೂ ಒಂದು. ಮೀನು ಬಿಟ್ಟಾಯಿತಲ್ಲ ಎಂದು ಸುಮ್ಮನಿರುವ ಹಾಗಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ್ದು ಜೂನ್ ಮಳೆ. ರಾತ್ರಿಯಿಡೀ ಹೊಡೆದ ಮಳೆಗೆ ಕೊಳ ಕೋಡಿಬಿದ್ದು, ಗಿಡಗಳು ಕಾಲುವೆಗಿಳಿದು ತೋಟದ ಕೆಳಗಿನ ಹಳ್ಳದ ದಾರಿ ಹಿಡಿದಿದ್ದವು. ಆ ಹಳ್ಳ ಸೇರುವುದು ಯಗಚಿ ಹೊಳೆಯನ್ನು. ಬೇಲೂರಿನ ಅಣೆಕಟ್ಟೆ ದಾಟಿದ ಯಗಚಿ ಗೊರೂರಿನ ಬಳಿ ಹೇಮಾವತಿಗೆ ಕೂಡುತ್ತದೆ. ಒಂದೇ ಗಿಡ ಸಾಕು, ಒಂದು ಕೆರೆ ಮುಚ್ಚಿಹೋಗಲು. ಮಳೆಗೆ ಎಲೆಯ ಗೊರಗ ಸೂಡಿಕೊಂಡು, ಇಂಬಳ ಕಚ್ಚಿಸಿಕೊಂಡು, ಎರಡು ದಿನ ಹಳ್ಳದ ದಂಡೆಯಲ್ಲಿ ಗಿಡ ಹೆಕ್ಕಿದೆ. ನಂತರ ಬಲೆ ಕಟ್ಟಿ ನೋಡಿದೆ, ಎಲೆ ಕಟ್ಟಿಕೊಂಡು ನೀರು ಪಕ್ಕದಿಂದ ಉಕ್ಕಿತು. ಕೊನೆಗೆ ಫಲ ಕೊಟ್ಟದ್ದು ಹೀಗೆ: ಕೋಡಿ ಪೈಪಿನ ಬಾಯಿಗೆ ಒಂದು ಟೀ (T ಆಕಾರದ ಮೂರು ಬಾಯಿಯ ಪೈಪು ಜೋಡಣೆ) ಕೂಡಿಸಿ, ಅದರ ಒಂದು ತುದಿಯನ್ನು ಒಂದಡಿ ಪೈಪಿನಿಂದ ನೀರೊಳಗೆ ಇಳಿಬಿಟ್ಟೆ, ಇನ್ನೊಂದನ್ನು ನೀರಿನ ಮೇಲೆ ತೆರೆದಿಟ್ಟು ಜಾಲರಿ ಹೊದಿಸಿದೆ. ಹೆಚ್ಚಾದ ನೀರು ಕೆಳಗಿನಿಂದ ಹೋಗುತ್ತದೆ, ಗಿಡ ಮೇಲೆಯೇ ಉಳಿಯುತ್ತದೆ. ಮೇಲಿನ ಬಾಯಿ ತೆರೆದಿರದಿದ್ದರೆ ಪೈಪು ಸೈಫನ್ನಿನಂತೆ ಎಳೆದು ಕೊಳದ ನೀರನ್ನು ಬೇಕಾದುದಕ್ಕಿಂತ ತಗ್ಗಿಸಿಬಿಡಬಹುದು.

ಕಾಫಿ ತೋಟದವರಿಗೆ ಇನ್ನೊಂದು ಮಾತು. ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಕೊಳಕ್ಕೆ ಟಾರ್ಪಾಲು ಹೊದಿಸಿ. ಅದರಲ್ಲಿರುವ ಮೈಲುತುತ್ತದ ತಾಮ್ರ ಮೀನಿಗೆ, ಬಸವನಹುಳುವಿಗೆ ವಿಷ. ಡ್ರಮ್ಮು, ಸಿಂಪಡಿಸುವ ಗನ್ನು ತೊಳೆದ ನೀರೂ ಕೊಳದ ಕಡೆ ಹರಿಯಬಾರದು.

ತೆಗೆದ ಗಿಡವನ್ನು ದನಕ್ಕೆ ಹಾಕುವುದಿಲ್ಲ, ಅದರಲ್ಲಿ ಬಾಯಿ ತುರಿಸುವ ಆಕ್ಸಲೇಟ್ ಹರಳುಗಳಿವೆ. ಕಣದ ಮೂಲೆಯಲ್ಲಿ ಬಿಸಿಲಿಗೆ ಬಾಡಿಸಿ ಗೊಬ್ಬರದ ಗುಂಡಿಗೆ ಸೇರಿಸುತ್ತೇನೆ. ಬಹುಪಾಲು ನೀರೇ ಆದ್ದರಿಂದ ಒಂದು ಬುಟ್ಟಿ ಗಿಡ ಒಣಗಿದರೆ ಒಂದು ಹಿಡಿ.

ಮಾಗಿ ಚಳಿಗೆ ಅಂತರಗಂಗೆ ಮುದುಡಿ ಹಳದಿಯಾಗುತ್ತದೆ. ಗೊಬ್ಬರದ ನೀರು ಹಾಕಿ ಉಳಿಸಲು ಹೋದರೆ ನೀರು ಕೆಡುತ್ತದೆ. ಐದಾರು ಗಿಡಗಳನ್ನು ಟಬ್ಬಿನಲ್ಲಿ ಬಿಸಿಲಿಗಿಟ್ಟರೆ ಮುಂದಿನ ಹೂಮಳೆಗೆ ಬೀಜದಷ್ಟು ಸಾಕು.

ಗಿಡ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು, ನಿಮ್ಮ ಕೊಳದ ಕೋಡಿ ಎಲ್ಲಿಗೆ ಹೋಗುತ್ತೆ ಎಂದು. ಹಳ್ಳಕ್ಕೋ ಕೆರೆಗೋ ಎಂದರೆ ಅಂತರಗಂಗೆ ಕೊಡುವುದಿಲ್ಲ, ನೈದಿಲೆಯ ಗೆಡ್ಡೆ ಕೊಟ್ಟು ಕಳಿಸುತ್ತೇನೆ.