ಕಾನ್‌ಸ್ಟೇಬಲ್ ಆಯ್ಕೆ: ಅಂಕ ಇರುವುದು ಓಎಂಆರ್‌ನಲ್ಲಿ, ಅಭ್ಯರ್ಥಿ ಉದುರುವುದು ಮೈದಾನದಲ್ಲಿ

ಕರ್ನಾಟಕದ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಸಂದರ್ಶನವಿಲ್ಲ. ಮೈದಾನದ ಪರೀಕ್ಷೆಗೆ ಅಂಕವೂ ಇಲ್ಲ, ಪಾಸೋ ಫೇಲೋ ಅಷ್ಟೇ. ಮೆರಿಟ್ ಪಟ್ಟಿ ನಿಲ್ಲುವುದು 100 ಅಂಕದ ಲಿಖಿತ ಪರೀಕ್ಷೆಯ ಮೇಲೆ. ಹಾಗಾಗಿ ಬೆಳಗಿನ ಹೊತ್ತು ಮೈದಾನಕ್ಕೆ, ಉಳಿದದ್ದು ಓದಿಗೆ ಎಂದು ಹಂಚಿಕೊಂಡಿದ್ದೆ.

ಲಿಖಿತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ. ಒಂದಕ್ಕೆ ಸಿಗುವುದು 54 ಸೆಕೆಂಡು, ಓಎಂಆರ್ ಎಂಬ ಉತ್ತರ ಹಾಳೆಯಲ್ಲಿ ವೃತ್ತ ತುಂಬುವುದೂ ಅದರಲ್ಲೇ. ತಪ್ಪಿಗೆ ಕಾಲು ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡನ್ನಾದರೂ ಹೊಡೆದುಹಾಕಲು ಆದರೆ ಮಾತ್ರ ಊಹೆಗೆ ಕೈಹಾಕುತ್ತಿದ್ದೆ. ವೃತ್ತಗಳನ್ನು ಕೊನೆಗೆ ಒಟ್ಟಿಗೆ ತುಂಬುವವರು ಒಂದು ಪ್ರಶ್ನೆ ಬಿಟ್ಟದ್ದನ್ನು ಮರೆತರೆ ಮುಂದಿನದೆಲ್ಲ ಒಂದು ಸಾಲು ಕೆಳಗಿಳಿಯುತ್ತದೆ. ಹತ್ತತ್ತಕ್ಕೆ ತುಂಬುತ್ತಾ ಹೋಗುವುದೇ ಕ್ಷೇಮ.

ಒಂದು ಹುದ್ದೆಗೆ ಐದು ಜನರಂತೆ ಮೈದಾನಕ್ಕೆ ಕರೆಯುತ್ತಾರೆ. ಗಂಡಸರಿಗೆ ಎತ್ತರ 168 ಸೆಂ.ಮೀ., ಎದೆ ಉಬ್ಬಿಸಿದಾಗ 86, ಹಿಗ್ಗುವಿಕೆ ಕನಿಷ್ಠ 5. ಉಸಿರೆಳೆಯುವಾಗ ಭುಜ ಎತ್ತಿದರೆ ಟೇಪು ಜಾರುತ್ತದೆ. ಪಕ್ಕೆಲುಬು ಅಗಲಿಸುವುದನ್ನು ಮನೆಯಲ್ಲೇ ಟೇಪು ಹಿಡಿದು ರೂಢಿಸಿಕೊಳ್ಳಬೇಕು. ಎತ್ತರ ಸರಿಯಾಗಿ 168ರ ಅಂಚಿನಲ್ಲಿರುವವರು ಸರದಿಗಾಗಿ ಗಂಟೆಗಟ್ಟಲೆ ನಿಲ್ಲಬಾರದು. ಬೆನ್ನುಮೂಳೆಯ ಡಿಸ್ಕ್‌ಗಳು ಕುಗ್ಗಿ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗುತ್ತದೆ.

1600 ಮೀಟರ್ ಓಟಕ್ಕೆ 6 ನಿಮಿಷ 30 ಸೆಕೆಂಡು. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡು. ನಾನು ಇಟ್ಟುಕೊಂಡ ಗುರಿ 92ರಿಂದ 93. ಸೀಟಿ ಊದಿದ ಕೂಡಲೇ ಗುಂಪಿನ ಜೊತೆ ನುಗ್ಗಿ ಮೊದಲ ಸುತ್ತನ್ನು 75ಕ್ಕೆ ಮುಗಿಸುವವರಲ್ಲಿ ಅನೇಕರು ಮೂರನೆಯದರಲ್ಲಿ ನಡೆಯುತ್ತಿರುತ್ತಾರೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ: ಎರಡನೇ ಲೇನ್‌ನಲ್ಲಿ ಓಡಿದರೆ ಸುತ್ತಿಗೆ ಏಳೂವರೆ ಮೀಟರ್ ಹೆಚ್ಚು, ನಾಲ್ಕು ಸುತ್ತಿಗೆ ಮೂವತ್ತು ಮೀಟರ್, ಅಂದರೆ ಏಳು ಸೆಕೆಂಡು. ತಿರುವಿನಲ್ಲಿ ಒಳಗೆರೆ ಹಿಡಿದಿರಿ, ಮುಂದಿನವರನ್ನು ದಾಟುವುದೇನಿದ್ದರೂ ನೇರ ಭಾಗದಲ್ಲಿ.

ಓಟಕ್ಕೆ ಅಷ್ಟು ಬೆವರು ಹರಿಸಿದವರು ಗುಂಡು ಎಸೆತವನ್ನು ಮಾತ್ರ ಹಗುರವಾಗಿ ಕಾಣುತ್ತಾರೆ. 7.26 ಕೆ.ಜಿ. ಗುಂಡು, 5.60 ಮೀಟರ್, ಮೂರು ಅವಕಾಶ. ಅದನ್ನು ಚೆಂಡಿನಂತೆ ಬೀಸಿದರೆ ಫೌಲ್, ಭುಜಕ್ಕೂ ಪೆಟ್ಟು. ಗುಂಡು ಅಂಗೈಯಲ್ಲಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಕತ್ತಿಗೆ ಒತ್ತಿಕೊಂಡು, ಮೊಣಕೈ ಹೊರಗೆ. ತಳ್ಳು ಹುಟ್ಟುವುದು ಹಿಂದಿನ ಕಾಲಿನಿಂದ. ಸೊಂಟ ತಿರುಗಿದ ಮೇಲೆ ಕೊನೆಗೆ ಕೈ. ದೂರ ಸಾಲದವರಲ್ಲಿ ಹೆಚ್ಚಿನವರು ಗುಂಡನ್ನು ನೆಲಕ್ಕೆ ಸಮವಾಗಿ ತಳ್ಳುತ್ತಿರುತ್ತಾರೆ. ನೋಟ ಮೇಲಿದ್ದರೆ ಕೋನ ತಾನಾಗಿ ಏರುತ್ತದೆ. ಗುಂಡು ನೆಲ ಮುಟ್ಟುವ ತನಕ ವೃತ್ತದಲ್ಲೇ ಇದ್ದು, ಹಿಂಭಾಗದಿಂದ ಹೊರಬನ್ನಿ.

ಜಿಗಿತದಲ್ಲಿ ಉದ್ದ 3.80 ಮೀಟರ್ ಇಲ್ಲವೇ ಎತ್ತರ 1.20, ಯಾವುದಾದರೂ ಒಂದು. ಮಹಿಳೆಯರಿಗೆ 400 ಮೀಟರ್ 2 ನಿಮಿಷದಲ್ಲಿ, 4 ಕೆ.ಜಿ. ಗುಂಡು 3.75 ಮೀಟರ್.

ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣಗುರುಡು ಪತ್ತೆಯಾದರೆ ಕನ್ನಡಕ ಉಪಯೋಗಕ್ಕೆ ಬರದು. ಅರ್ಜಿ ಹಾಕುವ ಮೊದಲೇ ಕಣ್ಣಿನ ವೈದ್ಯರಲ್ಲಿ ಚುಕ್ಕೆಗಳ ನಡುವಿನ ಅಂಕಿ ಓದಿ ನೋಡಿಕೊಳ್ಳಿ.

ಕೊನೆಯದು ಪೂರ್ವಾಪರ ಪರಿಶೀಲನೆ. ಊರಜಗಳದ ಎಫ್‌ಐಆರ್ ಆದರೂ, ಖುಲಾಸೆ ಆಗಿದ್ದರೂ, ನಮೂನೆಯಲ್ಲಿ ಕೇಳಿದ್ದರೆ ಮುಚ್ಚಿಡಬೇಡಿ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಕ್ಷುಲ್ಲಕ ಪ್ರಕರಣವನ್ನು ಇಲಾಖೆ ಮನ್ನಿಸಬಹುದು. ಬೇಕೆಂದೇ ಮರೆಮಾಚಿದ್ದು ಕೆಲಸವನ್ನೇ ಕಳೆಯಬಹುದು. ಠಾಣೆಯ ಹೆಸರು, ಅಪರಾಧ ಸಂಖ್ಯೆ ಬರೆದು ತೀರ್ಪಿನ ದೃಢೀಕೃತ ಪ್ರತಿ ಲಗತ್ತಿಸಿ.