ಗಡಸುತನ ಒಂದೇ, ಮುರಿಯುವ ಬಗೆ ಬೇರೆ: ನನ್ನ ಅನುಭವ

ಉಕ್ಕಿನ ಪ್ಲೇಟಿನ ತುಂಡು ಪರೀಕ್ಷೆಗೆ ಬಂದರೆ ನಾನು ಮೊದಲು ವಿಚಾರಿಸುವುದು ಎರಡೇ ಸಂಗತಿ: ರೋಲಿಂಗ್ (ಬಿಸಿ ಉಕ್ಕನ್ನು ರೋಲರ್‌ಗಳ ನಡುವೆ ಒತ್ತಿ ತೆಳುಗೊಳಿಸುವುದು) ಯಾವ ದಿಕ್ಕಿನಲ್ಲಿ ನಡೆಯಿತು, ರೋಲರ್‌ಗಳ ನಡುವಿನ ಕೊನೆಯ ಸುತ್ತು ಎಷ್ಟು ಬಿಸಿಯಲ್ಲಿ ಮುಗಿಯಿತು. ಗಡಸುತನದ ಅಂಕಿ ನಿಧಾನವಾಗಿ ಬಂದರೂ ಸಾಕು. ಒಂದೇ ಗಡಸುತನದ ಎರಡು ಪ್ಲೇಟುಗಳಲ್ಲಿ ಒಂದು ಕೊರೆಯುವ ಚಳಿಯಲ್ಲೂ ಬಾಗಿ, ಜಗ್ಗಿ, ಕೊನೆಗೆ ಹರಿದು ತುಂಡಾಗುತ್ತದೆ; ಇನ್ನೊಂದು ಸುಳಿವೇ ಕೊಡದೆ ಸೀಳಿಹೋಗುತ್ತದೆ.

ಹಾಗೆ ಸೀಳಿಹೋಗುವ ಒಂದು ಪ್ಲೇಟಿನ ಕೆಲಸವನ್ನು ಹೇಳುತ್ತೇನೆ. ಇಂಗಾಲ ಕಡಿಮೆ ಇದ್ದ, ಮ್ಯಾಂಗನೀಸ್ ಶೇ. 1.5ರ ಸುಮಾರಿದ್ದ ಉಕ್ಕು ಅದು. ತೀರ ಹೆಚ್ಚು ಬಿಸಿಯಲ್ಲೇ ರೋಲಿಂಗ್ ಮುಗಿದಿದ್ದರಿಂದ ಫೆರೈಟ್ (ತಣಿದ ಉಕ್ಕಿನಲ್ಲಿರುವ ಮೆತ್ತನೆಯ ಕಬ್ಬಿಣದ ರೂಪ) ಕಣಗಳು ದಪ್ಪಗಿದ್ದವು. ರೋಲಿಂಗ್ ದಿಕ್ಕಿನ ಉದ್ದಕ್ಕೂ ಅಡ್ಡಕ್ಕೂ ಚಾರ್ಪಿ ಪರೀಕ್ಷೆಗೆ, ಅಂದರೆ ಲೋಲಕದ ಪೆಟ್ಟಿನಿಂದ ಮುರಿದು ಎಷ್ಟು ಶಕ್ತಿ ಹೀರಿತೆಂದು ಅಳೆಯುವ ಪರೀಕ್ಷೆಗೆ, 10×10×55 ಮಿ.ಮೀ. ತುಂಡುಗಳನ್ನು ಕತ್ತರಿಸಿ, 2 ಮಿ.ಮೀ. ಆಳದ ವಿ-ಗೀರು ಹಾಕಿಸಿದೆ. ಮೈನಸ್ 20 ಡಿಗ್ರಿಯ ದ್ರವದಲ್ಲಿ ಕನಿಷ್ಠ 5 ನಿಮಿಷ ಇಟ್ಟು, ಹೊರತೆಗೆದ 5 ಸೆಕೆಂಡಿನೊಳಗೆ ಲೋಲಕದ ಪೆಟ್ಟು ಬೀಳಬೇಕು. ಈ 5 ಸೆಕೆಂಡಿನ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮುರಿದ ಮುಖ ಸಕ್ಕರೆ ಹರಳಿನಂತೆ ಮಿನುಗುತ್ತಿತ್ತು, ಪೆಡಸಾಗಿ ಸೀಳಿದ್ದರ ಗುರುತು ಅದು.

ಉಳಿದ ಪ್ಲೇಟನ್ನು 900 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಿಸಿದೆ, ಅಂದರೆ ನಾರ್ಮಲೈಸಿಂಗ್. ಉಕ್ಕು ಪೂರ್ತಿ ಆಸ್ಟೆನೈಟ್ (ಹೆಚ್ಚು ಬಿಸಿಯಲ್ಲಿ ಉಕ್ಕು ತಾಳುವ ರೂಪ) ಆಗಿ ಮತ್ತೆ ಫೆರೈಟಿಗೆ ಮರಳುವಾಗ ಸಣ್ಣ ಕಣಗಳು ಹೊಸದಾಗಿ ಹುಟ್ಟುತ್ತವೆ. ಪ್ರತಿ ಕಣದ ಗಡಿಯಲ್ಲೂ ಬಿರುಕು ತಡೆದು ದಾರಿ ಬದಲಿಸಬೇಕಾಗುತ್ತದೆ. ಬಲ, ಟಫ್‌ನೆಸ್ (ಸೀಳದೆ ಪೆಟ್ಟು ತಾಳುವ ಗುಣ) ಎರಡನ್ನೂ ಒಟ್ಟಿಗೆ ಏರಿಸುವ ಉಪಾಯ ಇದು. ಉದ್ದದ ತುಂಡುಗಳು ಹೀರಿಕೊಂಡ ಶಕ್ತಿ ಚೆನ್ನಾಗಿ ಏರಿತು. ಅಡ್ಡ ತುಂಡುಗಳದು ಅದರ ಅರ್ಧಕ್ಕೂ ಬರಲಿಲ್ಲ, ಮುರಿದ ಮುಖ ಮಿನುಗುವುದು ನಿಂತು ನಾರುನಾರಾಗಿದ್ದರೂ!

ಪಾಲಿಶ್ ಮಾಡಿದ ತುಂಡನ್ನು ನೈಟಲ್ (ಕಣಗಳು ಕಾಣುವಂತೆ ಮಾಡುವ ನೈಟ್ರಿಕ್ ಆಮ್ಲ-ಆಲ್ಕೋಹಾಲ್ ದ್ರಾವಣ) ಹಚ್ಚುವ ಮೊದಲೇ ಸೂಕ್ಷ್ಮದರ್ಶಕದಲ್ಲಿಟ್ಟೆ. ರೋಲಿಂಗ್ ದಿಕ್ಕಿಗೆ ಎಳೆದುಕೊಂಡ ಬೂದು ಗೆರೆಗಳು, ಮ್ಯಾಂಗನೀಸೂ ಗಂಧಕವೂ ಸೇರಿದ ಮ್ಯಾಂಗನೀಸ್ ಸಲ್ಫೈಡ್. ಶೇ. 2ರ ನೈಟಲ್ ಹಚ್ಚಿದಾಗ ಪರ್ಲೈಟ್ (ಫೆರೈಟ್ ಮತ್ತು ಕಬ್ಬಿಣದ ಕಾರ್ಬೈಡಿನ ಪದರಗಳ ಮಿಶ್ರಣ) ಪಟ್ಟಿಗಳೂ ಕಂಡವು. ಕುಲುಮೆ ಕಣವನ್ನು ಹೊಸದು ಮಾಡಿತೇ ಹೊರತು ಆ ಸಲ್ಫೈಡ್ ಗೆರೆಗಳನ್ನು ಮುಟ್ಟಲಿಲ್ಲ. ಅಡ್ಡ ತುಂಡಿನ ಬಿರುಕಿಗೆ ಅವೇ ಸಿದ್ಧ ದಾರಿ.

ಹಾಗಾಗಿ ಪರಿಹಾರವನ್ನು ಕರಗಿಸುವ ಹಂತದಿಂದಲೇ ಕೇಳಿದೆ: ಗಂಧಕ ಕಡಿಮೆ, ಕ್ಯಾಲ್ಸಿಯಂ ಸಂಸ್ಕರಣೆ, ಜೊತೆಗೆ ಶೇ. 0.03ರಷ್ಟು ನಯೋಬಿಯಂ ಎಂಬ ಲೋಹ. ಕ್ಯಾಲ್ಸಿಯಂ ಸೇರಿದ ಸಲ್ಫೈಡ್ ರೋಲರ್ ಅಡಿಯಲ್ಲೂ ಗುಂಡಗೇ ಉಳಿಯುತ್ತದೆ. ನಯೋಬಿಯಂ ಇದ್ದರೆ ಸುಮಾರು 950 ಡಿಗ್ರಿಗಿಂತ ಕೆಳಗೆ ಆಸ್ಟೆನೈಟ್ ಕಣಗಳು ಹೊಸದಾಗಿ ಹುಟ್ಟದೆ ಚಪ್ಪಟೆಯಾಗುತ್ತ ಹೋಗುತ್ತವೆ. ಆ ಗಡಿಗಳ ಮೇಲೆಲ್ಲ ಫೆರೈಟ್ ಮೊಳೆಯುವುದರಿಂದ ಕಣ ಸಣ್ಣದಾಗುತ್ತದೆ. ಅದಕ್ಕಾಗಿ ಒರಟು ರೋಲಿಂಗ್ ಮುಗಿದ ಮೇಲೆ ಪ್ಲೇಟು ತಣಿಯುವವರೆಗೆ ಕಾಯಬೇಕು. ಉತ್ಪಾದನೆ ನಿಧಾನವಾಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಆ ಕಾಯುವಿಕೆಯನ್ನು ಬಿಟ್ಟುಕೊಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕ್ವೆಂಚ್ ಮಾಡಿ (ಕಾಯಿಸಿ ಥಟ್ಟನೆ ತಣಿಸಿ) ಟೆಂಪರ್ ಮಾಡುವ (ಮತ್ತೆ ಹದವಾಗಿ ಕಾಯಿಸುವ) ನಿಕ್ಕಲ್-ಕ್ರೋಮಿಯಂ ಉಕ್ಕಿನಲ್ಲೂ ಗಡಸುತನದ ಅಂಕಿ ಹೀಗೇ ಕೈಕೊಡುತ್ತದೆ. 575ರಿಂದ 375 ಡಿಗ್ರಿಯವರೆಗೆ ನಿಧಾನವಾಗಿ ತಣಿದರೆ ರಂಜಕ ಕಣದ ಗಡಿಗಳಲ್ಲಿ ಸೇರಿಕೊಂಡು ಉಕ್ಕು ಪೆಡಸಾಗುತ್ತದೆ, ಗಡಸುತನ ಮಾತ್ರ ಇದ್ದಲ್ಲೇ ಇರುತ್ತದೆ. ಟೆಂಪರ್ ಆದ ಕೂಡಲೇ ಅದನ್ನು ಬೇಗ ತಣಿಸಿ. ದಪ್ಪ ತುಂಡಾದರೆ ಅಲ್ಪ ಮಾಲಿಬ್ಡಿನಂ ಇರುವ ಉಕ್ಕನ್ನೇ ಆರಿಸಿಕೊಳ್ಳಿ.