ಕಂಗಿನಿಂದ ಬಿದ್ದವರನ್ನು ಎತ್ತುವ ಮುಂಚೆ: ಎಲುಬು ಮುರಿತ ಮತ್ತು ಆರೈಕೆ

ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟಗಳಲ್ಲಿ ಅಡಕೆಗೆ ಮದ್ದು ಬಿಡುವ ಹೊತ್ತಿಗೆ ಕಂಗಿನ (ಅಡಕೆ ಮರದ) ಮೈಯೆಲ್ಲ ಪಾಚಿ. ಜಾರಿದವರು ಕಾಲೂರಿ ಬಿದ್ದರೆ ಮೊದಲು ಕಾಣುವುದು ಊದಿದ ಹಿಮ್ಮಡಿ. ಏಟು ಅಲ್ಲಿಗೇ ನಿಲ್ಲುವುದಿಲ್ಲ. ಕಾಲಿನ ಮೂಲಕ ಮೇಲೇರಿ ಸೊಂಟದ ಮೇಲ್ಗಡೆಯ ಬೆನ್ನೆಲುಬನ್ನೂ ಜಜ್ಜಬಹುದು. ಹಾಗಾಗಿ ಎತ್ತರದಿಂದ ಬಿದ್ದವರ ಬೆನ್ನೂ ಮುರಿದಿದೆ ಎಂದೇ ತಿಳಿದು ನಡೆದುಕೊಳ್ಳಿ.

ಎಬ್ಬಿಸಿ ಕೂರಿಸಬೇಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಯೋ ಆಟೋದಲ್ಲಿ ಮಡಚಿಯೋ ಒಯ್ದರೆ ಉಳಿದಿದ್ದ ನರವೂ ತುಂಡಾದೀತು. 108 ಆಂಬುಲೆನ್ಸಿಗೆ ಕರೆ ಮಾಡಿ, ಅದು ಬರುವವರೆಗೆ ಮಲಗಿದ್ದಲ್ಲೇ ಇರಲಿ. ಕಾಲ್ಬೆರಳು ಅಲ್ಲಾಡಿಸಲು ಹೇಳಿ. ಆಗದಿದ್ದರೆ ಅದನ್ನು ಡಾಕ್ಟರಿಗೆ ಮೊದಲು ತಿಳಿಸಿ. ಗಾಡಿ ತೋಟಕ್ಕಿಳಿಯದೆ ಹೊರಲೇಬೇಕಾದರೆ ಕನಿಷ್ಠ ನಾಲ್ವರು ಬೇಕು. ಒಬ್ಬರು ತಲೆ ಹಿಡಿದು ಎಣಿಸಲಿ, ಉಳಿದವರು ಆ ಎಣಿಕೆಗೆ ಸರಿಯಾಗಿ ಇಡೀ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಹಲಗೆಗೆ ಸರಿಸಲಿ. ಬಿದ್ದವರಿಗೆ ನೀರು ಕುಡಿಸುವುದು ರೂಢಿ, ಆದರೆ ಆಪರೇಷನ್ನಿಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ತುಟಿ ಒದ್ದೆ ಮಾಡಿದರೆ ಸಾಕು.

ಕೈಕಾಲು ಮುರಿತಕ್ಕೆ ತೋಟದಲ್ಲೇ ಆಧಾರ ಸಿಗುತ್ತದೆ. ಒಣ ಅಡಕೆ ಹಾಳೆಯನ್ನು ತುಸು ನೆನೆಸಿದರೆ ಬಾಗುತ್ತದೆ, ಮೊಣಕೈ ಕೆಳಗಿನ ಭಾಗಕ್ಕೆ ದೋಣಿಯಂತೆ ಕೂರುತ್ತದೆ. ಕಾಲಿಗೆ ಒಂದು ಹಾಳೆ ಸಾಲದು. ಎರಡೂ ಬದಿ ಅಡಕೆ ಸಲಾಕೆ (ಅಡಕೆ ಮರದ ಸೀಳು) ಇಟ್ಟು ಒಳಗೆ ಬೈರಾಸು (ಟವೆಲ್) ಮಡಚಿ ಹಾಕಿ. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲ್ಲಾಡದಂತಿರಬೇಕು. ಕಟ್ಟು ಮುರಿತದ ಮೇಲೆ ಬೇಡ, ಆಚೀಚೆ ಇರಲಿ. ಕಟ್ಟಿನಡಿ ಒಂದು ಬೆರಳು ನುಸುಳಬೇಕು. ಉಗುರು ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಕಟ್ಟು ಸಡಿಲಿಸಿ. ಸೊಟ್ಟಗಾದದ್ದನ್ನು ಎಳೆದು ನೇರ ಮಾಡಬೇಡಿ.

ಚರ್ಮ ಹರಿದು ಎಲುಬು ಕಂಡರೆ ಅದು ತೆರೆದ ಮುರಿತ. ಒಳಗೆ ತಳ್ಳಬೇಡಿ, ಅರಸಿನ, ಕಾಫಿ ಪುಡಿ, ಎಣ್ಣೆ ಯಾವುದೂ ಬೇಡ. ಶುದ್ಧ ಬಟ್ಟೆ ಮುಚ್ಚಿ ಹೊರಡಿ. ಆಸ್ಪತ್ರೆಯಲ್ಲಿ ಧನುರ್ವಾಯು ತಡೆಯುವ ಚುಚ್ಚುಮದ್ದು, ಆಂಟಿಬಯೋಟಿಕ್ ಕೊಡುತ್ತಾರೆ. ಆಂಟಿಬಯೋಟಿಕ್ ಗಾಯವಾದ ಒಂದು ಗಂಟೆಯೊಳಗೆ ಸಿಕ್ಕರೆ ಸೋಂಕಿನ ಅಪಾಯ ಕಡಿಮೆ. ಬಳಿಕ ಗಾಯ ತೊಳೆದು, ಸತ್ತ ಮಾಂಸ ತೆಗೆದು, ಹಲವೊಮ್ಮೆ ಹೊರಗಿನಿಂದಲೇ ಸರಳು ಹಾಕಿ ಎಲುಬು ನಿಲ್ಲಿಸುತ್ತಾರೆ. ತೊಡೆಯೆಲುಬು ಮುರಿದರೆ ಚರ್ಮ ಹರಿಯದೆಯೂ ಒಂದು ಲೀಟರಿಗಿಂತ ಹೆಚ್ಚು ರಕ್ತ ಒಳಗೇ ಸೋರಬಹುದು. ಮೈ ತಣ್ಣಗೆ ಬೆವರಿದರೆ ತಡಮಾಡಬೇಡಿ.

ಮಕ್ಕಳ ಎಲುಬು ಹಲವೊಮ್ಮೆ ಹಸಿ ಕೋಲಿನಂತೆ ಒಂದು ಬದಿ ಮಾತ್ರ ಸೀಳುತ್ತದೆ. ಅದಕ್ಕೆ ಹೆಚ್ಚಾಗಿ ಪ್ಲಾಸ್ಟರ್ ಸಾಕು. ಜಗಲಿಯಲ್ಲಿ ಜಾರಿ ಕೈಯೂರಿದ ಹಿರಿಯರ ಮಣಿಕಟ್ಟು ಮುರಿದರೆ ಜಾಗಕ್ಕೆ ಕೂರಿಸಿ 5–6 ವಾರ ಪ್ಲಾಸ್ಟರ್. ದೊಡ್ಡವರ ತೊಡೆಯೆಲುಬಿಗೆ ಒಳಗೆ ಉದ್ದ ಸರಳು, ಕೀಲಿನೊಳಗೆ ಚೂರಾದದ್ದಕ್ಕೆ ಪ್ಲೇಟ್ ಮತ್ತು ಸ್ಕ್ರೂ. ಬಿದ್ದ ಅಜ್ಜಿಯ ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಕೀಲಿನ ಮುರಿತ ಎಂದೇ ಶಂಕಿಸಿ. ವಯಸ್ಸಾಯಿತೆಂದು ಮಲಗಿಸಿಡುವುದೇ ದೊಡ್ಡ ಅಪಾಯ. ಹಾಸಿಗೆ ಹುಣ್ಣು, ನ್ಯುಮೋನಿಯಾ ಬರುತ್ತವೆ. ಆಪರೇಷನ್ ಎರಡು ದಿನದೊಳಗೆ ಆದರೆ ಒಳ್ಳೆಯದು.

ಊತ ಇರುವಾಗ ಸುತ್ತಲೂ ಪ್ಲಾಸ್ಟರ್ ಹಾಕದೆ ಮೊದಲು ಅರ್ಧ ಸುತ್ತಿನ ಪ್ಲಾಸ್ಟರ್ ಪಟ್ಟಿ ಕಟ್ಟುವುದಕ್ಕೆ ಕಾರಣವಿದೆ. ಊತಕ್ಕೆ ಜಾಗವಿಲ್ಲದಿದ್ದರೆ ಒಳಗಿನ ಒತ್ತಡವೇ ರಕ್ತ ತಡೆಯುತ್ತದೆ, ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯುತ್ತದೆ. ನಾಟಿ ಕಟ್ಟು ಬಿಗಿಯಾದಾಗ ಕೈ ಕಳೆದುಕೊಳ್ಳುವುದೂ ಹೀಗೆಯೇ. ಮಕ್ಕಳ ಮೊಣಕೈ ಮುರಿತದಲ್ಲಂತೂ ಇದರ ಭಯ ಹೆಚ್ಚು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಿದರೆ ಮಾಂಸದೊಳಗೇ ಎಲುಬು ಬೆಳೆದು ಕೀಲು ಬಿಗಿಯಬಹುದು. ಪ್ಲಾಸ್ಟರ್ ಪೂರ್ತಿ ಒಣಗಲು ಎರಡು ದಿನವಾದರೂ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಷ್ಟು ಹೊತ್ತು ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ. ಔಷಧ ಕೊಟ್ಟರೂ ನೋವು ಏರುತ್ತಲೇ ಹೋದರೆ, ಬೆರಳನ್ನು ಮೆಲ್ಲನೆ ನೇರ ಮಾಡಿದಾಗ ಮಗು ಚೀರಿದರೆ, ಬೆರಳು ಜೋಮುಗಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ ಕಟ್ಟು ಬಿಚ್ಚಿಸಿ.